ಒಬ್ಬರಿಗಾಗುವಷ್ಟು ಕ್ವಿನೈನ್

ರೋಗಿಗಳ ರಕ್ತ ನೋಡುವ ಕೆಲಸದಲ್ಲಿ ನಗುವಂಥದ್ದೇನಿದೆ ಎಂದು ಕೇಳುವವರು ಯುದ್ಧದ ಕಾಲದಲ್ಲಿ ಹುಬ್ಬಳ್ಳಿಯ ನಮ್ಮ ದವಾಖಾನೆಯಲ್ಲಿ ಒಂದು ದಿನ ಕೂರಬೇಕಿತ್ತು. ಜಾವಾ ಜಪಾನಿಯರ ಕೈಸೇರಿ, ಅಲ್ಲಿಂದ ಜ್ವರದ ಗುಳಿಗೆ ಕ್ವಿನೈನ್ ಬರುವುದು ನಿಂತಿತ್ತು. ಮಲೇರಿಯಾ ಮಾತ್ರ ನಿಂತಿರಲಿಲ್ಲ. ರಕ್ತದಲ್ಲಿ ಹುಳ ಕಣ್ಣಿಗೆ ಕಂಡರಷ್ಟೇ ಗುಳಿಗೆ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಸೂಕ್ಷ್ಮದರ್ಶಕದಲ್ಲಿ ಆ ಹುಳ ಹುಡುಕುವವನು ನಾನು.

೧. ಗಂಡನ ಬೆರಳು

ಕಮರಿಪೇಟೆಯ ಬೀಗ ರಿಪೇರಿಯವನೊಬ್ಬ ಬಂದು ಬೆರಳು ಚಾಚಿದ. "ಜ್ವರಾ ನನಗಲ್ರಿ, ಹೆಂಡ್ತಿಗೆ. ಆಕಿ ಸೂಜಿಗೆ ಅಂಜಿ ಟಾಂಗಾದಾಗ ಕುಂತಾಳ. ಗಂಡಾ ಹೆಂಡ್ತಿ ಬ್ಯಾರೆ ಏನ್ರಿ? ನಂದ ತಗೊಳ್ರಿ."

ಬುದ್ಧಿ ಬರಲಿ ಎಂದು ಚುಚ್ಚಿದೆ. ನೋಡಿದರೆ ಅವನ ರಕ್ತದಲ್ಲೇ ಹುಳ! ಡಾಕ್ಟರು ಗಾಬರಿಯಾಗಿ ಸೂಜಿ ಹಿಡಿದು ಟಾಂಗಾದತ್ತ ಓಡಿದರು. ಅವನು ಮಾತ್ರ ಹಿಗ್ಗಿಹೋದ. "ಆಕೀ ಜ್ವರಾ ನನಗ ಬಂತಂದ್ರ ಆಕಿಗೆ ಆರಾಮಾತು ಬಿಡ್ರಿ!"

೨. ಗುಳಿಗೆಯ ಗುರಿ

"ಸಾಹೇಬ್ರ, ಹೊಟ್ಟಿಗೆ ಹೋದ ಗುಳಿಗಿಗೆ ರಕ್ತದಾಗಿನ ಹುಳ ಹೆಂಗ ಸಿಗತದ್ರಿ?" ಎಂದು ಡಾಕ್ಟರನ್ನು ಒಮ್ಮೆ ಕೇಳಿದೆ.

"ಹುಳ ನಮ್ಮ ರಕ್ತದ ಕೆಂಪು ತಿಂತದ, ಕರೀ ಕಸಾ ಉಳಸ್ತದ. ಗುಳಿಗಿ ಅದರ ಊಟಕ್ಕ ಅಡ್ಡ ಬರತದೋ ಏನೋ."

"ಖರೇ ಎಲ್ಲೆ ಹೊಡೀತದ್ರಿ?"

"ಅದು ಗೊತ್ತಿದ್ರ ನಾನ ಹೊಸಾ ಔಷಧಿ ಮಾಡ್ತಿದ್ದೆ. ನಿನ್ನ ಮಾರಿ ನೋಡ್ಕೋತ ಇಲ್ಲೆ ಯಾಕ ಕೂಡ್ತಿದ್ದೆ?"

೩. ಇರುವೆಗಳು

ಆಗಲೇ ನನ್ನ ಹೆಂಡತಿಗೆ ದಿನ ಬಿಟ್ಟು ದಿನ ನಡುಕದ ಜ್ವರ ಹತ್ತಿತು. ದವಾಖಾನೆಯ ಶೀಸೆಯಲ್ಲಿ ಉಳಿದದ್ದು ಒಬ್ಬರಿಗಾಗುವಷ್ಟೇ ಗುಳಿಗೆ. ನಡುಕ ಬಂದ ಹೊತ್ತಿಗೇ ಅವಳ ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿ ದವಾಖಾನೆಗೆ ತಂದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಡಾಕ್ಟರು ಕರೆದರು. ತಾಸು ಬಿಟ್ಟು ಬಂದರೆ ಇರುವೆಗಳು ಸಾಲು ಹಚ್ಚಿ ಗಾಜನ್ನು ನೆಕ್ಕಿ ಸ್ವಚ್ಛ ಮಾಡಿದ್ದವು.

ಡಾಕ್ಟರು ಬರೀ ಗಾಜನ್ನು ಬೆಳಕಿಗೆ ಹಿಡಿದರು. "ಈಗ ಗುಳಿಗಿ ಯಾರಿಗೆ ಕೊಡ್ಲಿ? ಇರವಿಗೇನು?"

೪. ನಡುಕದ ದಾರಿ ಕಾಯ್ದು

"ನಡುಕ ಬಂದಾಗಿನ ರಕ್ತಾನ ಬೇಕು" ಎಂದರು ಡಾಕ್ಟರು. ಅಂದರೆ ಮತ್ತೆ ಎರಡು ದಿನ. ಅಲ್ಲಿಯವರೆಗೆ ಬೇರೆ ಯಾರ ರಕ್ತದಲ್ಲೂ ಹುಳ ಕಾಣದಿರಲಿ ಎಂದು ದೇವರನ್ನು ಬೇಡಿಕೊಂಡೆ. ಪಾಪವೆಂದು ಗೊತ್ತಿದ್ದೇ ಬೇಡಿಕೊಂಡೆ.

ಆ ದಿನ ಬಂತು, ನಡುಕ ಬರಲಿಲ್ಲ. ನಾನು ಸೂಜಿ ಹಿಡಿದು ಕುಳಿತೆ. ಮಗ್ಗುಲಲ್ಲಿ ಕುಳಿತ ನಮ್ಮವ್ವ ಸೊಸೆಯನ್ನು ಬೈಯತೊಡಗಿದಳು. "ಇನ್ನೂ ನಡಗವಲ್ಲೆಲ್ಲ ಹುಡುಗಿ! ಒಂದ ಕೆಲಸಾನೂ ಹೊತ್ತಿಗೆ ಸರಿಯಾಗಿ ಮಾಡೂದಿಲ್ಲ!"

ಕಡೆಗೂ ಅವಳ ಹಲ್ಲು ಕಟಕಟ ಎಂದವು. "ಬಂತೋ, ಬಂತು!" ಎಂದು ಅವ್ವ ಕೂಗಿದಳು. ಚುಚ್ಚಿದೆ, ಓಡಿದೆ, ನೋಡಿದೆ. "ಸಿಕ್ತ್ರಿ! ನನ್ನ ಹೆಂಡ್ತಿಗೆ ಖರೇನ ಮಲೇರಿಯಾ ಅದರಿ!" ಎಂದು ಕುಣಿದೆ. ಕಾದು ಕುಳಿತ ರೋಗಿಗಳು ನನ್ನಿಂದ ದೂರ ಸರಿದರು.

ಆ ಕೊನೆಯ ಗುಳಿಗೆಗಳಿಂದ ಜ್ವರ ಇಳಿಯಿತು. ಆದರೆ ಕ್ವಿನೈನಿನ ಗುಣವೇ ಅದು, ಕಿವಿ ಗುಂಯ್ ಎಂದು ಅವಳಿಗೆ ನಾಲ್ಕು ದಿನ ಏನೂ ಕೇಳಿಸಲಿಲ್ಲ. ಅವ್ವ ಬೈದಷ್ಟೂ ಇವಳು ನಗುತ್ತ ತಲೆಯಾಡಿಸಿದಳು. ನಮ್ಮ ಮನೆಯಲ್ಲಿ ಅಂಥ ಶಾಂತಿಯನ್ನು ನಾನು ಎಂದೂ ಕಂಡಿರಲಿಲ್ಲ.

ಕಿವಿ ಸರಿಹೋದ ದಿನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು:

"ಇನ್ನೊಂದ ನಾಕ ಗುಳಿಗಿ ಸಿಗತಾವೇನ್ರಿ?"