ದೀಪಸ್ತಂಭದ ಕೊಲೆಗಾರನನ್ನು ಮುನ್ನುಡಿಯಲ್ಲೇ ಹಿಡಿದುಕೊಟ್ಟ ಪ್ರೊಫೆಸರರಿಗೆ

ಮಾನ್ಯ ಪ್ರೊಫೆಸರ್ ಪೆವರಿಲ್ ಸ್ಟಾನರ್ಡ್ ಅವರ ಘನ ಸನ್ನಿಧಿಗೆ,

ಸ್ಕಿಪ್ಟನ್ನಿನಿಂದ ವಿನಿಫ್ರೆಡ್ ಗಾರ್ಸೈಡ್ ಎಂಬುವಳು ತಲೆಬಾಗಿ ಮಾಡುವ ವಂದನೆಗಳು. ತಾವು ನನ್ನನ್ನು ಬಲ್ಲಿರಿ ಎಂಬ ಭ್ರಮೆ ನನಗಿಲ್ಲ. ನಮ್ಮ ಚರ್ಚಿನ ಮಾಸಪತ್ರಿಕೆಯಲ್ಲಿ ನಾಮಕರಣದ ಸುದ್ದಿಗೂ ಜ್ಯಾಮ್ ಮಾರಾಟದ ಪ್ರಕಟಣೆಗೂ ನಡುವೆ ಉಳಿಯುವ ಅರ್ಧ ಪುಟದಲ್ಲಿ ಹಳೆಯ ಪತ್ತೇದಾರಿ ಕಾದಂಬರಿಗಳ ವಿಮರ್ಶೆ ಬರೆಯುವವಳು ನಾನು. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ, ಸುತ್ತಲಿನ ಹಿಮದ ಮೇಲೆ ಒಂದು ಹೆಜ್ಜೆಗುರುತೂ ಇಲ್ಲ, ಇಂಥ ಆಗಲಾರದ ಕೊಲೆಗಳೆಂದರೆ ನನಗೆ ಪ್ರಾಣ. ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಕೊಲೆಗಾರನ ಹೆಸರನ್ನೂ ನಾನು ಬಿಟ್ಟುಕೊಟ್ಟಿಲ್ಲ. ನಮ್ಮ ಪಾದ್ರಿಗಳು ಬೇಕರಿಯ ಮುಂದೆ ಅಡ್ಡಗಟ್ಟಿ, "ನನಗೊಬ್ಬನಿಗೆ ಹೇಳಿ ವಿನಿಫ್ರೆಡ್ ಅವರೇ, ಗುಟ್ಟು ಕಾಯೋದೇ ನನ್ನ ಕಸುಬು ಅಲ್ವೇ" ಎಂದು ಗೋಗರೆದಾಗಲೂ ಬಾಯಿ ಬಿಟ್ಟವಳಲ್ಲ. ಇಷ್ಟೊಂದು ಜಿಪುಣಿಯಾದ ನನಗೆ ತಮ್ಮ ಔದಾರ್ಯವನ್ನು ಕಂಡು ನಾಚಿಕೆಯಾಗಿದೆ.

ತಮ್ಮ ಮುನ್ನುಡಿಯೊಡನೆ ಈಚೆಗೆ ಮರುಮುದ್ರಣಗೊಂಡ 'ಕಾರ್ವಿಕ್ ದೀಪಸ್ತಂಭದ ಸಾವು' ಎಂಬ ಕಾದಂಬರಿಗಾಗಿ ನನ್ನ ಅಣ್ಣ ಆಸ್ಬರ್ಟ್ ಹದಿಹರೆಯದಿಂದಲೂ ಕಾದಿದ್ದಾನೆ. ಆಗ ಅವನು ಅದರ ಹಳೆಯ ಪ್ರತಿಯೊಂದನ್ನು ಸಂತೆಯಲ್ಲಿ ಕೊಂಡು ತಂದಿದ್ದ. ಕಲ್ಲಿದ್ದಲು ಸಿಗದ ಆ ಚಳಿಗಾಲದಲ್ಲಿ ನಮ್ಮಮ್ಮ ಅದರ ಕೊನೆಯ ಅಧ್ಯಾಯಗಳನ್ನು ಹರಿದು ಒಲೆ ಹೊತ್ತಿಸಿದಳು. ಕರ್ನಲ್ ಸಾಹೇಬರು ದೀಪಸ್ತಂಭದ ತುದಿಯ ಕೋಣೆಯಲ್ಲಿ ಬೆನ್ನಿಗೆ ಚೂರಿ ಚುಚ್ಚಿಸಿಕೊಂಡು ಸತ್ತಿದ್ದಾರೆ, ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿದೆ, ಕೊಂದವರು ಯಾರೆಂಬುದು ಹೊಗೆಯಾಗಿ ಹೋಗಿದೆ. ದೀಪಸ್ತಂಭದ ಅಡುಗೆಯವಳೇ ಕೊಂದಳೆಂದು ಅಣ್ಣ ತೀರ್ಮಾನಿಸಿ, ಶಾಲೆಯಲ್ಲಿ ಭೂಗೋಳ ಕಲಿಸುವಾಗಲೂ, ನಿವೃತ್ತನಾದ ಮೇಲೂ ಅದನ್ನೇ ವಾದಿಸುತ್ತ ಬಂದ. ಪುಸ್ತಕ ಮತ್ತೆ ಅಚ್ಚಾಗುವ ಹೊತ್ತಿಗೆ ಅವನ ದೃಷ್ಟಿ ಹೋಗಿತ್ತು. ಹಾಗಾಗಿ ಓದಿ ಹೇಳುವ ಕೆಲಸ ನನ್ನದಾಯಿತು.

ಅಂದು ಅವನು ಹೊಸ ಸ್ವೆಟರ್ ತೊಟ್ಟು ಕುಳಿತಿದ್ದ. ದೊಡ್ಡವರ ಮಾತನ್ನು ದಾಟಿ ಹೋಗಬಾರದೆಂಬ ಮರ್ಯಾದೆಯಿಂದ ನಾನು ತಮ್ಮ ಮುನ್ನುಡಿಯಿಂದಲೇ ಆರಂಭಿಸಿದೆ. ಮೊದಲ ಪುಟ ದಾಟುವ ಮುನ್ನವೇ ತಾವು, ಬಾಗಿಲು ಒಡೆದಾಗ ಎಲ್ಲರಿಗಿಂತ ಮುಂದೆ ನುಗ್ಗಿದ ವೈದ್ಯನೇ ಆ ಗಡಿಬಿಡಿಯಲ್ಲಿ ಕರ್ನಲ್‌ರನ್ನು ಇರಿದನೆಂಬುದನ್ನು, ಹವಾಮಾನದ ವರದಿ ಓದುವಷ್ಟು ಸಲೀಸಾಗಿ ಅಪ್ಪಣೆ ಕೊಡಿಸಿದ್ದಿರಿ. ಓದುತ್ತಿದ್ದ ನನ್ನ ನಾಲಿಗೆ ತಡೆಯುವಷ್ಟರಲ್ಲಿ ಮಾತು ಜಾರಿಹೋಗಿತ್ತು. ಅಣ್ಣ ಕೂಗಾಡಲಿಲ್ಲ. "ಪುಸ್ತಕ ಮುಚ್ಚು ವಿನ್ನಿ, ಟೀ ಆರ್ತಾ ಇದೆ" ಎಂದಷ್ಟೇ ಹೇಳಿದ. ಆ ಟೀಯನ್ನು ಅವನು ಮುಟ್ಟಲಿಲ್ಲ. ಆ ವಾರವಿಡೀ ರೇಡಿಯೋದಲ್ಲಿ ತೋಟಗಾರಿಕೆಯ ಕಾರ್ಯಕ್ರಮ ಕೇಳಿದ, ನಮಗೆ ತೋಟವಿಲ್ಲ.

ಆಮೇಲೊಂದು ಮಧ್ಯಾಹ್ನ ತಾನಾಗಿಯೇ, "ಆ ಪ್ರೊಫೆಸರ್ ಹೇಳಿಬಿಟ್ರೆ ಮುಗೀತಾ? ಓದು, ಆ ವೈದ್ಯ ಹ್ಯಾಗೆ ಸಿಕ್ಕಿಬಿದ್ದ ಅಂತ ನಾನೇ ನೋಡ್ತೀನಿ" ಎಂದ. ರಾತ್ರಿಯವರೆಗೂ ಓದಿದೆವು. ತಾವು ಅಪ್ಪಣೆ ಕೊಡಿಸಿದಂತೆಯೇ ಇನ್‌ಸ್ಪೆಕ್ಟರನು ಎಲ್ಲರನ್ನೂ ದೀಪದ ಕೆಳಗೆ ಸೇರಿಸಿ ವೈದ್ಯನ ಕೈಗೆ ಬೇಡಿ ಹಾಕಿದ. "ಸರಿ, ಮಲಗೋಣ" ಎಂದು ಅಣ್ಣ ಎದ್ದ. ನಾನು ಹಾಳೆ ಮಗುಚಿದೆ. ಇನ್ನೂ ಒಂದು ಅಧ್ಯಾಯವಿತ್ತು. ಅದರಲ್ಲಿ ಇನ್‌ಸ್ಪೆಕ್ಟರನು ಬೇಡಿ ಬಿಚ್ಚಿ, ನಿಜವಾದ ಕೊಲೆಗಾರ ನಿಶ್ಚಿಂತನಾಗಿ ಎಡವಲಿ ಎಂದು ಈ ನಾಟಕವಾಡಿದೆನೆಂದು ವೈದ್ಯನ ಕ್ಷಮೆ ಕೇಳುತ್ತಾನೆ.

ಕೊಂದವರು ಯಾರೆಂದು ನಾನು ಇಲ್ಲಿಯೂ ಹೇಳುವುದಿಲ್ಲ. ಆದರೆ ತಾವು ಗಲ್ಲಿಗೇರಿಸಿದ ವೈದ್ಯನು ನಿರಪರಾಧಿಯೆಂದು ಸಾರದೆ ನನಗೆ ನಿದ್ದೆ ಬಾರದು. ಅಣ್ಣ ಕೈತಡವಿ ಮತ್ತೆ ಕುರ್ಚಿಯಲ್ಲಿ ಕುಳಿತು, ಕೊನೆಯ ಸಾಲಿನವರೆಗೂ ಕೇಳಿದ. ಆಮೇಲೆ ಕೆಮ್ಮು ಬರುವಷ್ಟು ನಕ್ಕ. "ಅಡುಗೆಯವಳೂ ಅಲ್ಲ, ವೈದ್ಯನೂ ಅಲ್ಲ. ನಾನೂ ಸೋತೆ, ಅವರೂ ಸೋತ್ರು. ಆದ್ರೆ ವಿನ್ನಿ, ನನ್ನ ಪುಸ್ತಕದ ಕೊನೇ ಹಾಳೆಗಳನ್ನ ಅಮ್ಮ ಒಲೆಗೆ ಹಾಕಿದ್ಲು, ಅವರದ್ದನ್ನ ಯಾರು ಹಾಕಿದ್ರು?"

ಈ ಪ್ರಶ್ನೆಗೆ ಉತ್ತರ ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ. ಕೊನೆಯ ಅಧ್ಯಾಯವನ್ನು ಪ್ರವೇಶಿಸದೆಯೇ ಕಾದಂಬರಿಯಿಂದ ಹೊರಬರುವ ವಿದ್ಯೆ, ಅಗುಳಿ ಹಾಕಿದ ಕೋಣೆಯಿಂದ ಮಾಯವಾಗುವುದಕ್ಕಿಂತಲೂ ದೊಡ್ಡ ಪವಾಡ. ಇನ್ನು ಮುಂದೆ ತಮ್ಮ ಮುನ್ನುಡಿಗಳನ್ನು ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಅಚ್ಚು ಹಾಕಿಸಿ, ಒಳಗಿನಿಂದ ಚಿಲಕ ಹಾಕಿ, ತಾವೂ ಅಲ್ಲೇ ಇದ್ದುಬಿಟ್ಟರೆ ಓದುಗರಾದ ನಾವು ಚಿರಋಣಿಗಳು.

ತಮ್ಮಲ್ಲಿ ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದೆಲ್ಲದರ ಮಟ್ಟಿಗೆ ವಿಶ್ವಾಸವಿರಿಸಿದ,
ವಿನಿಫ್ರೆಡ್ ಗಾರ್ಸೈಡ್

ಮರೆತ ಮಾತು: ಈ ಮಾಲೆಯ ಉಳಿದ ಪುಸ್ತಕಗಳಿಗೂ ತಾವೇ ಮುನ್ನುಡಿ ಬರೆಯಬೇಕೆಂದು ಅಣ್ಣ ಪ್ರಕಾಶಕರನ್ನು ಒತ್ತಾಯಿಸಲಿದ್ದಾನೆ. ತಾವು ಬೊಟ್ಟು ಮಾಡಿದವರನ್ನು ಮೊದಲೇ ಬಿಟ್ಟುಬಿಟ್ಟರೆ, ಉಳಿದವರಲ್ಲಿ ಕೊಲೆಗಾರನನ್ನು ಹುಡುಕುವುದು ಅವನ ವಯಸ್ಸಿಗೆ ಎಷ್ಟೋ ಹಗುರವಂತೆ.