ಐರ್ಲೆಂಡಿನ ಹೂದಾನಿಯ ಪ್ರತಿಷ್ಠಾಪನೆ

ಯಾರು ಏನೇ ಹೇಳಲಿ, ಆ ಹೂದಾನಿ ಕಿಟಕಿಯಲ್ಲೇ ಇರಬೇಕೆಂದು ನಾನು ಶಪಥ ಮಾಡಿದ್ದೆ! ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದದ್ದಕ್ಕೆ ಜನರಲ್ ಮ್ಯಾನೇಜರ್ ಕೈಯಾರೆ ಕೊಟ್ಟ ಐರ್ಲೆಂಡಿನ ಅಪ್ಪಟ ಕ್ರಿಸ್ಟಲ್ ಅದು. ಕುಂಬಳಕಾಯಿಯಂಥ ಗುಂಡು ಹೊಟ್ಟೆ, ಎತ್ತಿದರೆ ಅಕ್ಕಿ ಚೀಲದ ಭಾರ. ಅಂಥದ್ದನ್ನು ನನ್ನ ಹೆಂಡತಿ ರಾಜೀವಿ ಕಪಾಟಿನಲ್ಲಿ ಬೆಡ್‌ಶೀಟುಗಳ ನಡುವೆ ಮಲಗಿಸಲು ಹೊರಟಿದ್ದಳು.

“ಊರಿಗೆ ಹೋಗುವಾಗ ತಕೊಂಡು ಹೋಗಿ ಅಲ್ಲಿ ಷೋಕೇಸಿನಲ್ಲಿ ಇಡುವ,” ಎಂದಳು.

“ಊರಿನಲ್ಲಿ ನೋಡ್ಲಿಕ್ಕೆ ಯಾರುಂಟು? ಇಲ್ಲೇ ಇರ್ತದೆ. ಖಲಾಸ್!”

ಕೊಲ್ಲಿ ದೇಶದ ಈ ಅಲ್ ಬರ್ಷಾ ಬಡಾವಣೆಯ ನಮ್ಮ ಒಂಬತ್ತನೇ ಮಾಳಿಗೆಯ ಪಶ್ಚಿಮದ ಕಿಟಕಿಯಲ್ಲಿ ಪ್ರತಿಷ್ಠಾಪನೆ ಮುಗಿಯಿತು. ಹೊಳಪು ಸಾಲದೆನಿಸಿ ಕಂಠದವರೆಗೆ ನೀರು ತುಂಬಿಸಿದೆ. ಆಹಾ, ಗೋಡೆ ತುಂಬ ಕಾಮನಬಿಲ್ಲು! ಪಕ್ಕದ ಫ್ಲ್ಯಾಟಿನ ಮಾರ್ಸೆಲ್ ದಂಪತಿಯನ್ನು ಕರೆದು ಅರ್ಧ ಗಂಟೆ ತೋರಿಸಿದೆ. ಅವರಿಗೆ ಚಹಾ ಕೊಡುವುದೇ ಮರೆತುಹೋಯಿತು.

ಮರುದಿನ ಶನಿವಾರ. ಬಂಗುಡೆ ಗಸಿಯಲ್ಲಿ ಉಂಡು, ಹೂದಾನಿ ಗಾಜಿನ ಕಡೆಗೇ ಉಳಿಯುವಂತೆ ಕರ್ಟನ್ ಎಳೆದು, ಸೋಫಾದಲ್ಲಿ ಗಡದ್ದಾಗಿ ನಿದ್ದೆ ಹೋದೆ. ಮೂರೂವರೆಗೆ ಕರ್ಟನ್ ಹೊಗೆಯಾಡಿತು, ಅಲಾರಂ ಬೊಬ್ಬೆ ಹಾಕಿತು, ಇಡೀ ಕಟ್ಟಡವೇ ಮೆಟ್ಟಿಲಿಳಿಯಿತು! ರಾಜೀವಿ ಕರ್ಟನ್ ಕಿತ್ತು ಬಕೆಟ್ ನೀರಿಗೆ ಅದ್ದಿ, ಪಾಸ್‌ಪೋರ್ಟಿನ ಚೀಲ ಹೆಗಲಿಗೇರಿಸಿದಳು. ನಾನೋ, ಬನಿಯನ್-ಲುಂಗಿಯಲ್ಲೇ ಹೂದಾನಿಯನ್ನು ಕೂಸಿನ ಹಾಗೆ ಅಪ್ಪಿಕೊಂಡು ಒಂಬತ್ತೂ ಮಾಳಿಗೆ ಇಳಿದೆ. ಒಂದು ಹನಿ ನೀರು ಚೆಲ್ಲಿದ್ದರೆ ಕೇಳಿ!

ಕೆಳಗೆ ರಣಬಿಸಿಲಿನಲ್ಲಿ ನಿಂತ ನೆರೆಕರೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮಾನ ಉಳಿಸಿಕೊಳ್ಳಬೇಕಲ್ಲ! ಎಲ್ಲ ಇವಳ ದೇವರ ದೀಪದ ಕಿತಾಪತಿ, ಎಷ್ಟು ಹೇಳಿದರೂ ಕೇಳುವವಳಲ್ಲ ಎಂದು ಸಾರಿಬಿಟ್ಟೆ. ದೀಪ ಬೆಳಗ್ಗೆ ಏಳಕ್ಕೇ ಆರಿದೆ ಎಂದಳು ರಾಜೀವಿ. ಅವಳ ಕಣ್ಣು ತುಂಬಿತು. ಆದರೂ ನಾನು ಪಟ್ಟು ಬಿಡಲಿಲ್ಲ.

ಮೇಲೆ ಹೋಗಿ ನೋಡಿಬಂದ ಅಗ್ನಿಶಾಮಕ ಅಧಿಕಾರಿ, ದೇವರ ಮೂಲೆಯಲ್ಲಿ ಚೂರೂ ಮಸಿ ಇಲ್ಲ, ಸುಟ್ಟದ್ದು ಕಿಟಕಿಯ ಕರ್ಟನ್ ಮಾತ್ರ, ಅಲ್ಲಿ ಏನಿಟ್ಟಿದ್ದಿರಿ ಎಂದು ಹಿಂದಿಯಲ್ಲಿ ಕೇಳಿದರು. ಇದೊಂದೇ ಸಾರ್, ಅಸಲಿ ಐರ್ಲೆಂಡಿನದ್ದು ಎಂದು ನಾನು ಹೂದಾನಿಯನ್ನು ಬಿಸಿಲಿಗೆ ಎತ್ತಿ ತೋರಿಸಿದೆ.

ಗುಂಡು ಹೊಟ್ಟೆಯ ನೀರಿನಲ್ಲಿ ತೂರಿದ ಬಿಸಿಲು ಒಂದೇ ಚುಕ್ಕೆಯಾಗಿ ಬಿತ್ತು, ಎದೆ ಚುರ್ ಎಂದಿತು. ನೋಡಿದರೆ, ಬನಿಯನ್ನಿನಲ್ಲಿ ಕಡಲೆಕಾಳಿನಷ್ಟು ತೂತು! ಅಂಚಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ರಾಜೀವಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

“ಬೆಂಕಿ ಬಿದ್ದಾಗ ಎಲ್ಲರೂ ಸಾಮಾನು ಎತ್ತಿಕೊಂಡು ಓಡಿದ್ದಾರೆ,” ಎಂದಳು. “ನೀವು ಬೆಂಕಿಯನ್ನೇ ಎತ್ತಿಕೊಂಡು ಬಂದಿದ್ದೀರಲ್ಲ ಮಾರಾಯ್ರೇ.”