ಮಾವನ ಕಾರಿಗೆ ಮೆತ್ತಿದ ಡಾಂಬರು

ಎಲ್ಲಕ್ಕೂ ಕಾರಣ ಎರಡು ಕಿಲೋ ಮೀನು.

ಸ್ಫಾಕ್ಸ್ ಬಂದರು ಊರಿನ ಅಂಚೆ ಕಚೇರಿಯ ಗುಮಾಸ್ತ ಮುನ್ಸಿಫ್ ಎಂಬವನ ಮಾವ, ಊರವರೆಲ್ಲ ಗೌರವದಿಂದ 'ಸೀ ತೈಯಬ್' ಎಂದು ಕರೆಯುವ ನಿವೃತ್ತ ಸ್ಟೇಷನ್ ಮಾಸ್ತರರು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಜಧಾನಿಗೆ ಹೋಗಿದ್ದರು. ಹೋಗುವಾಗ ತಮ್ಮ ಕೆನೆಬಣ್ಣದ ಕಾರನ್ನು ಅಳಿಯನ ಮನೆ ಮುಂದೆ ನಿಲ್ಲಿಸಿ, ಕೀಲಿಕೈಯನ್ನು ಹಸುಗೂಸು ಒಪ್ಪಿಸುವ ಹಾಗೆ ಎರಡೂ ಕೈಯಿಂದ ಕೊಟ್ಟಿದ್ದರು.

"ದಿನಕ್ಕೊಂದ್ಸಲ ಎಂಜಿನ್ ಸ್ಟಾರ್ಟ್ ಮಾಡು. ಓಡಿಸ್ಬೇಡ. ಮುಂದಿನ ಭಾನುವಾರ ನಮ್ಮ ಸಣ್ಣವಳು ಮದುವಣಗಿತ್ತಿಯಾಗಿ ಇದರಲ್ಲೇ ಕೂತ್ಕೊಂಡು ಹೋಗ್ಬೇಕು. ದೊಡ್ಡವಳನ್ನಂತೂ ನೀನು ಬಾಡಿಗೆ ಗಾಡೀಲಿ ಕರ್ಕೊಂಡು ಹೋದೆ."

ಆ ಮಾತಿಗೆ ಹನ್ನೊಂದು ವರ್ಷ ತುಂಬಿತ್ತು. ವರ್ಷಕ್ಕೆ ಎರಡು ಸಲವಾದರೂ ಅದು ಹೊರಗೆ ಬರುತ್ತಿತ್ತು, ಹಬ್ಬದ ಬಟ್ಟೆಯ ಹಾಗೆ.

ಮುನ್ಸಿಫ್ ಆರು ದಿನ ಮಾತು ಉಳಿಸಿಕೊಂಡ. ಏಳನೆಯ ದಿನ ಹೆಂಡತಿ ರಾದಿಯಾ, "ನಾಳೆ ಅಪ್ಪ ಬರ್ತಾರೆ, ಬಂದರಿಗೆ ಹೋಗಿ ಒಳ್ಳೆ ಮೀನು ತನ್ನಿ" ಎಂದಳು. ಅವನ ಮೊಪೆಡ್ಡು ಪಂಕ್ಚರಾಗಿ ಗೋಡೆಗೊರಗಿತ್ತು. ಕಾರು ಕಣ್ಣೆದುರಿಗೇ ಇತ್ತು. ಹೋಗಿಬರಲು ಅರ್ಧ ಗಂಟೆ, ಮಾವ ಇರುವುದು ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ. ಶೈತಾನನಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕೇ?

ಬಂದರಿನ ರಸ್ತೆಗೆ ಅವತ್ತೇ ಹೊಸ ಡಾಂಬರು ಹಾಕಿದ್ದರು. ಚಕ್ರಗಳ ಕೆಳಗೆ ಚಟಚಟ ಸದ್ದು ಕೇಳಿದರೂ ಮುನ್ಸಿಫ್ ಅದನ್ನು ಮೀನಿನ ಪೊಟ್ಟಣದ ಐಸು ಕರಗುವ ಸದ್ದೆಂದುಕೊಂಡ. ಕತ್ತಲಾಗುವ ಮೊದಲೇ ಮನೆಗೆ ಬಂದು, ಕಾರಿಗೆ ಹೊದಿಕೆ ಹೊದಿಸಿ, ನಿಶ್ಚಿಂತೆಯಿಂದ ಮಲಗಿದ.

ಬೆಳಿಗ್ಗೆ ಹೊದಿಕೆ ಎಳೆದರೆ ಅದು ಬರಲೇ ಇಲ್ಲ. ಜೋರಾಗಿ ಎಳೆದ. ಪರ್ರೆಂದು ಅರ್ಧ ಬಂತು. ಬಗ್ಗಿ ನೋಡಿದ. ಬಾಗಿಲುಗಳ ಮೇಲೆ, ಚಕ್ರದ ಮೇಲ್ಭಾಗದಲ್ಲಿ, ಬಾನೆಟ್ಟಿನ ಅಂಚಿನಲ್ಲಿ ಸಾಸಿವೆಯಿಂದ ಹಿಡಿದು ಕಡಲೆ ಗಾತ್ರದವರೆಗಿನ ಕಪ್ಪು ಚುಕ್ಕೆಗಳು. ಉಗುರಿನಿಂದ ಕೆರೆದ. ಉಗುರು ಮುರಿಯಿತು, ಚುಕ್ಕೆ ಅಲ್ಲಾಡಲಿಲ್ಲ. ಕಾರಿಗೆ ಸಿಡುಬು ಎದ್ದಂತಿತ್ತು.

"ಅಯ್ಯೋ, ಅಪ್ಪ ಸಾಯಂಕಾಲ ಐದಕ್ಕೆಲ್ಲ ಬಂದ್ಬಿಡ್ತಾರಲ್ರೀ!" ಎಂದಳು ರಾದಿಯಾ ಬಾಗಿಲಲ್ಲಿ ನಿಂತು. "ಅದೂ ಹೊಸ ಕಣ್ಣು ಇಟ್ಕೊಂಡು!"

ಹಳೆಯ ಕಣ್ಣಾಗಿದ್ದರೆ ಕಾರಿನ ಬದಲು ಕತ್ತೆ ಕಟ್ಟಿದ್ದರೂ ನಡೆಯುತ್ತಿತ್ತು. ಮುನ್ಸಿಫ್ ಕಚೇರಿಗೆ ಫೋನು ಮಾಡಿ ಹೊಟ್ಟೆನೋವೆಂದ. ಹೇಳಿ ಮುಗಿಸುವಷ್ಟರಲ್ಲಿ ನಿಜವಾಗಿಯೂ ಹೊಟ್ಟೆ ನೋಯತೊಡಗಿತು.

ಅವನು ಬಕೆಟ್ಟಿನೊಂದಿಗೆ ಹೊರಬಂದಾಗ ಎದುರು ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಸೀ ಲಮೀನ್ ಆಗಲೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿದ್ದರು.

"ಡಾಂಬರು" ಎಂದರು, ಹೊಸ ಖಂಡ ಕಂಡುಹಿಡಿದವರಂತೆ.

"ಗೊತ್ತು ಮೇಷ್ಟ್ರೇ."

"ಸೋಪು ನೀರು ಹಾಕ್ಬೇಡ, ಏನೂ ಆಗಲ್ಲ. ತಣ್ಣಗಾದ್ರೆ ಡಾಂಬರು ಬಿಸ್ಕತ್ತಿನ ಹಾಗೆ ಗರಿಗರಿ ಆಗುತ್ತೆ. ಐಸ್ ಇಡು, ಮೊಂಡು ಚಾಕು ತಗೊಂಡು ಟಕ್ ಅಂತ ಎಬ್ಬಿಸು. ಶುದ್ಧ ಭೌತಶಾಸ್ತ್ರ!"

ಫ್ರಿಜ್ಜಿನಲ್ಲಿ ಮೀನಿನ ಮೇಲಿದ್ದ ಐಸನ್ನೆಲ್ಲ ತಂದು ಮುನ್ಸಿಫ್ ಬಾಗಿಲಿಗೆ ಒತ್ತಿಹಿಡಿದ. ಕೈ ಮರಗಟ್ಟಿತು. ಬೆಣ್ಣೆ ಹಚ್ಚುವ ಚಾಕುವಿನಿಂದ ಟಕ್ ಎಂದ. ಮೊದಲನೆಯ ಚುಕ್ಕೆ ಹಾರಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹುಮ್ಮಸ್ಸಿನಲ್ಲಿ ಎರಡನೆಯದಕ್ಕೆ ಟಕ್ ಎನ್ನಲು ಹೋದರೆ ಮರಗಟ್ಟಿದ ಕೈ ಜಾರಿ, ಚಾಕು ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ರೈಲು ಹಳಿಯಂತೆ ಒಂದು ಗೆರೆ ಎಳೆಯಿತು.

"ಹ್ಞೂಂ" ಎಂದರು ಮೇಷ್ಟ್ರು, ಗೆರೆಯನ್ನು ಕನ್ನಡಕ ಏರಿಸಿ ನೋಡುತ್ತ. "ಹಾಗಾದ್ರೆ ಐಸು ಬೇಡ."

ಈ ಹೊತ್ತಿಗೆ ಮೂಲೆಯಂಗಡಿಯ ಕ್ಷೌರಿಕ ಅಮೋರ್ ಅರ್ಧ ಗಡ್ಡ ಹೆರೆದಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದಿದ್ದ. "ಏನ್ ಮೇಷ್ಟ್ರೇ, ಕಾರೇನು ಬ್ರೆಡ್ಡಾ, ಚಾಕು ಹಾಕೋಕೆ? ತಡಿ ಮುನ್ಸಿಫ್ ಭಾಯಿ, ನಿನಗೋಸ್ಕರ ಜೀವ ಬೇಕಾದ್ರೂ ಕೊಡ್ತೀನಿ" ಎಂದು, ಜೀವದ ಬದಲು ಹೆಂಡತಿಯ ಪಾರ್ಲರಿನಿಂದ ಉಗುರುಬಣ್ಣ ತೆಗೆಯುವ ದ್ರಾವಣದ ದೊಡ್ಡ ಬಾಟಲಿ ತಂದುಕೊಟ್ಟ. "ಹತ್ತೀಲಿ ಅದ್ದು, ಒರೆಸು. ನಮ್ಮವಳು ಹತ್ತು ಉಗುರನ್ನ ಐದು ನಿಮಿಷದಲ್ಲಿ ಬೋಳು ಮಾಡ್ತಾಳೆ."

ಮುನ್ಸಿಫ್ ಅದ್ದಿದ, ಒರೆಸಿದ. ಡಾಂಬರು ಬೆಣ್ಣೆಯಂತೆ ಕರಗಿತು.

"ಹೋಯ್ತು! ಹೋಯ್ತು!" ಎಂದು ಕುಣಿದ.

ನಿಜ, ಡಾಂಬರು ಹೋಗಿತ್ತು. ಅದರ ಕೆಳಗಿನ ಕೆನೆಬಣ್ಣವೂ ಹೋಗಿತ್ತು. ಅದರ ಕೆಳಗಿನ ಬೂದುಬಣ್ಣವೂ ಹೊರಡುವ ತಯಾರಿಯಲ್ಲಿತ್ತು. ಹಿಂದಿನ ಬಾಗಿಲಿನ ನಡುವೆ ರೊಟ್ಟಿಯಗಲದ ಬೋಳು ತಲೆ ಮಿನುಗುತ್ತಿತ್ತು.

ಅಮೋರ್ ಬಗ್ಗಿ ನೋಡಿದ. "ಎಷ್ಟು ಹೊತ್ತು ಒರೆಸ್ದೆ?"

"ಅರ್ಧ ನಿಮಿಷ."

"ಅರ್ಧ ನಿಮಿಷಕ್ಕೇ? ಇದು ಬೇಡ್ವೇ ಬೇಡಪ್ಪ!" ಎಂದು ಬಾಟಲಿ ಕಿತ್ತುಕೊಂಡು, ಹಾವಿನ ಬುಟ್ಟಿ ಮುಚ್ಚುವಂತೆ ಮುಚ್ಚಳ ತಿರುಗಿಸಿದ.

ಗಲಾಟೆ ಕೇಳಿ ಪಕ್ಕದ ಮನೆಯ ಬೇಯಾ ಚಿಕ್ಕಮ್ಮ ಇಳಿದುಬಂದರು. ಅವರು ಯಾರಿಗೂ ರಕ್ತಸಂಬಂಧದ ಚಿಕ್ಕಮ್ಮನಲ್ಲ. ಇಡೀ ಬೀದಿಯ ಅಡುಗೆ, ಬಾಣಂತನ, ಜಗಳಗಳೆಲ್ಲ ಅವರ ಕಣ್ಣಳತೆಯಲ್ಲೇ ನಡೆಯಬೇಕಿತ್ತು, ಅಷ್ಟೇ.

"ಗಂಡಸರ ಬುದ್ಧಿ ನೋಡು!" ಎಂದರು. "ನಲವತ್ತು ವರ್ಷದಿಂದ ತಳ ಹತ್ತಿದ ಪಾತ್ರೆ ತಿಕ್ತಿದೀನಿ. ಕಪ್ಪು ಅಂದ್ರೆ ಕಪ್ಪು, ಪಾತ್ರೆದಾದ್ರೇನು, ಕಾರಿಂದಾದ್ರೇನು? ತಗೋ ಮಗಾ, ಸ್ಟೀಲ್ ನಾರು. ನಿಂಬೆರಸ ಹಿಂಡು, ಭುಜದ ಬಲ ಹಾಕು."

"ಚಿಕ್ಕಮ್ಮಾ, ಗೀರು ಬೀಳಲ್ವಾ?"

"ನನ್ನ ಪಾತ್ರೆ ಮೇಲೆ ಗೀರು ನೋಡಿದೀಯೇನೋ?"

ಅವರ ಪಾತ್ರೆಗಳನ್ನು ಅವನು ಯಾವತ್ತೂ ನೋಡಿರಲಿಲ್ಲ. ತಿಕ್ಕಿದ. ಎರಡೇ ನಿಮಿಷದಲ್ಲಿ ಹಿಂದಿನ ಚಕ್ರದ ಮೇಲ್ಭಾಗ ಮುದಿ ಒಂಟೆಯ ಮಂಡಿಯಂತಾಯಿತು. ಡಾಂಬರಿನ ಚುಕ್ಕೆಗಳು ಮಾತ್ರ ಮೊದಲಿಗಿಂತ ಹೊಳೆಯುತ್ತ ಅಲ್ಲೇ ಕೂತಿದ್ದವು.

"ಸಾಕು ಸಾಕು, ನಿಲ್ಸು" ಎಂದರು ಚಿಕ್ಕಮ್ಮ, ಎದೆಯ ಮೇಲೆ ಕೈಯಿಟ್ಟುಕೊಂಡು. "ದೇವ್ರು ದೊಡ್ಡವನು, ನೋಡಿಬಿಟ್ವಲ್ಲ!"

ಮಧ್ಯಾಹ್ನ ದಾಟಿತ್ತು. ಮುನ್ಸಿಫ್ ಮೆಟ್ಟಿಲ ಮೇಲೆ ಕುಸಿದು ಕೂತ. ಮೊಣಕೈವರೆಗೆ ಕಪ್ಪು ಮೆತ್ತಿದ್ದ ಕೈಯಿಂದ ಹಣೆ ಒರೆಸಿಕೊಂಡು ಹಣೆಯನ್ನೂ ಕಪ್ಪು ಮಾಡಿಕೊಂಡ. ಬಾಗಿಲಿನ ಆ ಗೆರೆ ನೋಡಿದಾಗ ಹನ್ನೊಂದು ವರ್ಷದ ಹಿಂದಿನ ಬಾಡಿಗೆ ಗಾಡಿಯೂ, ಅದರೊಳಗೆ ಬಿಸಿಲಿಗೆ ಬೆವರುತ್ತ ನಕ್ಕಿದ್ದ ರಾದಿಯಾಳೂ ನೆನಪಾಗಿ, ಚಾಕುವನ್ನು ಬಕೆಟ್ಟಿಗೆ ಎಸೆದ.

"ಆ ಕೈಯಲ್ಲಿ ಊಟಕ್ಕೆ ಬರ್ಬೇಡಿ ಮತ್ತೆ" ಎಂದು ರಾದಿಯಾ ಒಳಗಿನಿಂದ ಆಲಿವ್ ಎಣ್ಣೆಯ ಡಬ್ಬ ತಂದು ಅವನ ಅಂಗೈಗೆ ಸುರಿದಳು. ಉಜ್ಜಿಕೊಂಡ. ಬಟ್ಟೆಯಿಂದ ಒರೆಸಿದರೆ ಕೈ ಮದುಮಗನ ಕೈಯ ಹಾಗೆ ಶುಭ್ರವಾಗಿತ್ತು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಬಾನೆಟ್ಟಿನ ಒಂದು ಚುಕ್ಕೆಗೆ ಬೆದರುತ್ತಲೇ ಎಣ್ಣೆ ಹಚ್ಚಿದರು. ಹತ್ತು ನಿಮಿಷ ಕಾದರು. ಮೆತ್ತನೆ ಬಟ್ಟೆಯಿಂದ ಒರೆಸಿದಾಗ ಚುಕ್ಕೆ ಸದ್ದಿಲ್ಲದೆ ಬಟ್ಟೆಗೆ ಬಂತು. ಕೆಳಗೆ ಕೆನೆಬಣ್ಣ ಹಾಗೇ ಇತ್ತು, ಇನ್ನೂ ಸ್ವಲ್ಪ ಮೆರುಗಿನೊಂದಿಗೆ.

ಮೂವರು ನೆರೆಯವರೂ ಧಾವಿಸಿ ಬಂದರು.

"ಎಷ್ಟು ನಿಮಿಷ ಬಿಟ್ಟೆ?" ಎಂದರು ಮೇಷ್ಟ್ರು, ಜೇಬಿನಿಂದ ಪೆನ್ನು ತೆಗೆದು.

"ಹತ್ತು."

"ಬಟ್ಟೆ ಯಾವ್ದು? ಹತ್ತೀದಾ?" ಎಂದ ಅಮೋರ್.

"ಹಳೇ ಬನಿಯನ್ನು."

"ಎಣ್ಣೆ ಈ ವರ್ಷದ್ದೋ, ಹೋದ ವರ್ಷದ್ದೋ?" ಎಂದರು ಚಿಕ್ಕಮ್ಮ.

"ಹೋದ ವರ್ಷದ್ದು ಚಿಕ್ಕಮ್ಮ."

ತನ್ನ ಕಷ್ಟಕ್ಕೆ ಇಷ್ಟೊಂದು ಮಿಡಿಯುವ ನೆರೆಹೊರೆ ಸಿಕ್ಕಿದ್ದಕ್ಕೆ ಮುನ್ಸಿಫ್‌ನ ಕಣ್ಣು ತುಂಬಿಬಂತು. ಆದರೆ ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೇಷ್ಟ್ರಿಗೆ ಔಷಧಿಯ ಹೊತ್ತಾಗಿತ್ತು, ಅಮೋರನಿಗೆ ಅರ್ಧ ಗಡ್ಡದ ಗಿರಾಕಿ ನೆನಪಾಗಿದ್ದ, ಚಿಕ್ಕಮ್ಮನ ಒಲೆಯ ಮೇಲೆ ಏನೋ ಸೀಯುತ್ತಿತ್ತು.

ನಾಲ್ಕೂವರೆಗೆ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಉಳಿದದ್ದು ರೈಲು ಹಳಿ, ಬೋಳು ತಲೆ, ಒಂಟೆಯ ಮಂಡಿ. ಅದೃಷ್ಟಕ್ಕೆ ಮೂರೂ ಒಂದೇ ಮಗ್ಗುಲಲ್ಲಿದ್ದವು. ಮುನ್ಸಿಫ್ ಆ ಮಗ್ಗುಲನ್ನು ಗೋಡೆಯ ಕಡೆ ಮಾಡಿ ನಿಲ್ಲಿಸಿ, ಮಾವನನ್ನು ಎದುರುಗೊಳ್ಳಲು ಬೀದಿಯ ತುದಿಗೆ ನಡೆದ.

ಬೇಕರಿಯ ಹಿಂದಿನ ಓಣಿಯಿಂದ ನಗು ಕೇಳಿಸಿತು. ಇಣುಕಿದ.

ಓಣಿಯಲ್ಲಿ ಸಾಲಾಗಿ ಮೂರು ಕಾರು. ಮೇಷ್ಟ್ರದ್ದು, ಅಮೋರನದ್ದು, ಬೇಯಾ ಚಿಕ್ಕಮ್ಮನ ಮಗನದ್ದು. ಮೂರರ ಮೇಲೂ ಎಣ್ಣೆ ಥಳಥಳಿಸುತ್ತಿತ್ತು. ಮೂವರ ಕೈಯಲ್ಲೂ ಹಳೇ ಬನಿಯನ್ನು, ಬನಿಯನ್ನುಗಳ ಮೇಲೆ ಕಪ್ಪು ಚುಕ್ಕೆ. ಮೇಷ್ಟ್ರು ಗಡಿಯಾರ ನೋಡುತ್ತ "ಇನ್ನೂ ಎರಡು ನಿಮಿಷ" ಎನ್ನುತ್ತಿದ್ದರು.

"ನಿಮ್ದೂ...?" ಎಂದ ಮುನ್ಸಿಫ್.

"ನೀನೊಬ್ಬನೇನಾ ಮೀನು ತಿನ್ನೋನು?" ಎಂದ ಅಮೋರ್. "ಬಂದರಿಗೆ ಇರೋದು ಒಂದೇ ರಸ್ತೆ ಮಾರಾಯ."

"ಮತ್ತೆ ಆ ಐಸು, ಆ ಬಾಟ್ಲಿ, ಆ ನಾರು... ನಿಮ್ಮ ಕಾರಿಗೇ ಹಾಕ್ಬಹುದಿತ್ತಲ್ಲ?"

ಮೇಷ್ಟ್ರು ಮಂದ ಬುದ್ಧಿಯ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ಪ್ರಯೋಗನ ಯಾರಾದ್ರೂ ಸ್ವಂತ ಕಾರಿನ ಮೇಲೆ ಮಾಡ್ತಾರೇನಪ್ಪ?"

"ನಿನ್ನ ಕೈಗೆ ದೇವ್ರು ಒಳ್ಳೇದು ಮಾಡ್ಲಿ ಮಗಾ" ಎಂದು ಚಿಕ್ಕಮ್ಮ ಮನಸಾರೆ ಹರಸಿ, ಬಾಗಿಲಿನ ಕೊನೆಯ ಚುಕ್ಕೆ ಒರೆಸಿದರು.

ಮುನ್ಸಿಫ್ ಬಾಯಿ ತೆರೆಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ಟ್ಯಾಕ್ಸಿ ನಿಂತಿತು. ಸೀ ತೈಯಬ್ ಇಳಿದರು. ಕಪ್ಪು ಕನ್ನಡಕ ತೆಗೆದು ಲೋಕವನ್ನೊಮ್ಮೆ ನೋಡಿದರು. ಓಣಿಯಿಂದ ಒಂದರ ಹಿಂದೊಂದು ಹೊರಬಂದ ಮೂರು ಕಾರುಗಳನ್ನು ಕಂಡು, "ಆಹಾ, ಏನು ಮಿಂಚು!" ಎಂದರು. ಮೂವರೂ ಇಳಿದು ಊರ ವಾಡಿಕೆಯಂತೆ ಅವರ ಎರಡೂ ಕೆನ್ನೆಗೆ ಮುತ್ತಿಟ್ಟು, ಕಣ್ಣಿನ ಕ್ಷೇಮ ವಿಚಾರಿಸಿ, ಹೊಸ ಡಾಂಬರಿನ ಕಥೆಯನ್ನೂ ಆಲಿವ್ ಎಣ್ಣೆಯ ಮಹಿಮೆಯನ್ನೂ ಸವಿಸ್ತಾರವಾಗಿ ಹೇಳಿದರು.

ಸೀ ತೈಯಬ್ ಮನೆಯ ಕಡೆ ನಡೆದರು. ಮುನ್ಸಿಫ್ "ಒಳಗೆ ಬನ್ನಿ ಮಾವ, ಮೀನು ಆರುತ್ತೆ" ಎನ್ನುತ್ತಿದ್ದಂತೆಯೇ ಕಾರಿನ ಈ ಮಗ್ಗುಲು ನೋಡಿ ತಲೆದೂಗಿದರು. ಆಮೇಲೆ, ಸ್ಟೇಷನ್ ಮಾಸ್ತರರಲ್ಲವೇ, ಎರಡೂ ಮಗ್ಗುಲು ನೋಡದೆ ಬಿಡಲಾರದೆ, ಗೋಡೆಗೂ ಕಾರಿಗೂ ನಡುವಿನ ಸಂದಿಗೆ ಅಡ್ಡಡ್ಡವಾಗಿ ನುಸುಳಿದರು.

ಹಳಿ, ಬೋಳು ತಲೆ, ಮಂಡಿ ಒಂದೊಂದನ್ನೂ ಹೊಸ ಕಣ್ಣಿನಿಂದ ಪರೀಕ್ಷಿಸಿದರು.

ಕೊನೆಗೆ ಸಂದಿಯೊಳಗಿನಿಂದ ಅವರ ದನಿ ಬಂತು:

"ಅಳಿಯಂದಿರೇ, ಇಷ್ಟೊಳ್ಳೆ ನೆರೆಹೊರೆ ಇದೆ. ಕೈ ಹಾಕೋಕೆ ಮುಂಚೆ ಅವರನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"